ಭತ್ತದ ತೇವಾಂಶದ ಲೆಕ್ಕವೂ ಗಣಿತವೇ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಹಾಗೂ ಹತ್ತನೆಯ ತರಗತಿಯ ಗಣಿತ ಪ್ರಶ್ನೆಪತ್ರಿಕೆಯ ನೀಲನಕ್ಷೆ ರೂಪಿಸುವ ಹಿರಿಯರಿಗೆ,

ವಿಷಯ: ಹತ್ತನೆಯ ತರಗತಿ ಮತ್ತು ಪದವಿಪೂರ್ವ ಹಂತದಲ್ಲಿ ಬದುಕಿನ ಸಂದರ್ಭಗಳಿಗೆ ಗಣಿತವನ್ನು ಬಳಸಿ ಯೋಚಿಸುವುದನ್ನು ಕಲಿಸುವ ಮತ್ತು ಪರೀಕ್ಷಿಸುವ ಕುರಿತು.

ಮಾನ್ಯರೇ,

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ಈಚೆಗೆ ನಿವೃತ್ತಳಾದ ಶಿಕ್ಷಕಿ ನಾನು. ಸೇವೆಯಲ್ಲಿದ್ದಾಗ ಸಭೆಗಳಲ್ಲಿ ಹೇಳಿದ್ದನ್ನೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟು: ಯಾವ ಲೆಕ್ಕ ಮಾಡಬೇಕೆಂದು ಹೇಳಿದರೆ ನಮ್ಮ ಮಕ್ಕಳು ಮಾಡುತ್ತಾರೆ. ಕಣ್ಣೆದುರಿನ ಸಂಗತಿಗೆ ಯಾವ ಲೆಕ್ಕ ಬೇಕು, ಅದಕ್ಕೆ ಯಾವ ಅಂಕಿ ಹುಡುಕಬೇಕು, ಬಂದ ಉತ್ತರವನ್ನು ನಂಬಬಹುದೇ ಎಂದು ಯೋಚಿಸುವುದನ್ನು ಮಾತ್ರ ನಾವು ಅವರಿಗೆ ಕಲಿಸುತ್ತಿಲ್ಲ. ಕಲಿಸದಿರಲು ಮುಖ್ಯ ಕಾರಣ, ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಹತ್ತನೆಯ ತರಗತಿಯ ವರ್ಗ ಸಮೀಕರಣದ ಪಾಠದಲ್ಲಿ ರೈಲಿನ ಲೆಕ್ಕವೊಂದಿದೆ. ರೈಲು 360 ಕಿಲೋಮೀಟರ್ ಹೋಗುತ್ತದೆ, ಜವ ಗಂಟೆಗೆ 5 ಕಿಲೋಮೀಟರ್ ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು, ಹಾಗಾದರೆ ಜವ ಎಷ್ಟು? ಮಕ್ಕಳು ಈ ಪ್ರಶ್ನೆಯನ್ನು ಪೂರ್ತಿ ಓದುವುದಿಲ್ಲ. 360 ಎಂಬ ಅಂಕಿ ಕಂಡ ಕೂಡಲೇ x² + 5x − 1800 = 0 ಎಂದು ಬರೆಯುತ್ತಾರೆ. ಒಮ್ಮೆ ದೂರವನ್ನು 300 ಮಾಡಿ ಕೊಟ್ಟೆ. ತರಗತಿಯ ಮುಕ್ಕಾಲು ಪಾಲು ಉತ್ತರಗಳಲ್ಲಿ ಅದೇ 1800 ಇತ್ತು. ಜವ ಏಕೆ ಋಣ ಸಂಖ್ಯೆ ಆಗಬಾರದು ಎಂದು ಕೇಳಿದರೆ, "ಹಾಗೆ ಬರೆಯಬೇಕು ಮೇಡಂ" ಎಂಬ ಉತ್ತರ. ಇವರು ದಡ್ಡ ಮಕ್ಕಳಲ್ಲ. ನಾವು ಕಲಿಸಿದ್ದನ್ನು ಅಚ್ಚುಕಟ್ಟಾಗಿ ಕಲಿತ ಮಕ್ಕಳು.

ಇದೇ ಮಕ್ಕಳ ಮುಂದೆ ಬೇರೆ ಬಗೆಯ ಪ್ರಶ್ನೆ ಇಟ್ಟಾಗ ಏನಾಗುತ್ತದೆ ಎಂಬುದನ್ನು ತಾವು ನೋಡಬೇಕು ಎಂದು ನನ್ನ ಆಸೆ. ಮುಂಗಾರಿನ ಭತ್ತ ಕಟಾವಾಗಿ, ರಸ್ತೆಯ ಅಂಚಿನುದ್ದಕ್ಕೂ ರಾಶಿ ಒಣಗುವ ದಿನಗಳವು. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 17ಕ್ಕಿಂತ ಹೆಚ್ಚಿದ್ದರೆ ಭತ್ತ ತೆಗೆದುಕೊಳ್ಳುವುದಿಲ್ಲ ಎಂಬುದು ಮಕ್ಕಳಿಗೆಲ್ಲ ಗೊತ್ತು. ನಾನು ಕೇಳಿದೆ: ಶೇ 22 ತೇವಾಂಶವಿರುವ ನೂರು ಕಿಲೋ ಭತ್ತವನ್ನು ಶೇ 17ಕ್ಕೆ ಬರುವ ತನಕ ಒಣಗಿಸಿದರೆ ಎಷ್ಟು ಕಿಲೋ ಉಳಿಯುತ್ತದೆ? ಇಡೀ ತರಗತಿ ಒಂದೇ ದನಿಯಲ್ಲಿ ತೊಂಬತ್ತೈದು ಎಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ಗಣಿತದಲ್ಲಿ ಎಂದೂ ಇಪ್ಪತ್ತೈದು ದಾಟದವನು, "ಐದು ಕಿಲೋಗಿಂತ ಜಾಸ್ತಿ ಹೋಗುತ್ತದೆ ಮೇಡಂ, ನಮ್ಮ ಮನೆಯಲ್ಲಿ ತೂಕ ಹಾಕಿ ನೋಡಿದ್ದೇವೆ" ಎಂದ.

ಆಮೇಲೆ ನಡೆದ ಚರ್ಚೆ ಗಂಟೆ ಹೊಡೆದರೂ ಮುಗಿಯಲಿಲ್ಲ. ಒಣಗಿಸಿದಾಗ ಏನು ಹೋಗುತ್ತದೆ? ನೀರು. ಏನು ಹೋಗುವುದಿಲ್ಲ? ಕಾಳು. ನೂರರಲ್ಲಿ ನೀರು 22 ಕಿಲೋ ಇದ್ದರೆ ಒಣ ಕಾಳು 78 ಕಿಲೋ. ಒಣಗಿದ ಮೇಲೂ ಆ 78 ಕಿಲೋ ಹಾಗೆಯೇ ಇರುತ್ತದೆ, ಆದರೆ ಈಗ ಅದು ಹೊಸ ತೂಕದ ಶೇ 83. ಹಾಗಾಗಿ ಹೊಸ ತೂಕ 78ನ್ನು 0.83ರಿಂದ ಭಾಗಿಸಿದಷ್ಟು, ಅಂದರೆ 94 ಕಿಲೋಗೆ ಕೂದಲೆಳೆಯಷ್ಟು ಕಡಿಮೆ. ಆ ಹುಡುಗ ಹೇಳಿದ್ದೇ ಸರಿ. ಮೊದಲಿನ ಶೇಕಡಾವಾರು ನೂರು ಕಿಲೋದ ಮೇಲಿನದು, ಎರಡನೆಯದು ಬೇರೊಂದು ತೂಕದ ಮೇಲಿನದು, ಆದ್ದರಿಂದ 22ರಲ್ಲಿ 17 ಕಳೆಯುವಂತಿಲ್ಲ. ಈ ಮಾತು ಆ ದಿನ ಮಕ್ಕಳಿಗೆ ತಾನಾಗಿಯೇ ಹೊಳೆಯಿತು. ಏಳನೆಯ ತರಗತಿಯಿಂದ ಶೇಕಡಾ ಲೆಕ್ಕ ಮಾಡುತ್ತ ಬಂದವರು, ಶೇಕಡಾ ಎಂದರೆ ಯಾವುದರ ಶೇಕಡಾ ಎಂದು ಕೇಳಿದ್ದು ಅಂದೇ ಮೊದಲು.

ಮರುದಿನ ಅದನ್ನೇ ಮುಂದುವರಿಸಿದೆವು. ನಮ್ಮ ಕಡೆ ವ್ಯಾಪಾರಿ ಭತ್ತಕ್ಕೆ ಬೆಲೆ ಹೇಳುವುದು 75 ಕಿಲೋ ಚೀಲದ ಲೆಕ್ಕದಲ್ಲಿ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300 ರೂಪಾಯಿ. ವ್ಯಾಪಾರಿ ಹಸಿ ಭತ್ತವನ್ನು ಚೀಲಕ್ಕೆ 1,600 ರೂಪಾಯಿಯಂತೆ ಇಂದೇ ಕೊಳ್ಳುತ್ತಾನೆ ಎಂದುಕೊಳ್ಳಿ, ಯಾವುದು ಲಾಭ ಎಂದು ಕೇಳಿದೆ. ಹಸಿಯಾಗಿಯೇ ಮಾರಿದರೆ ನೂರು ಕಿಲೋಗೆ 2,133 ರೂಪಾಯಿ. ಒಣಗಿಸಿ 94 ಕಿಲೋ ಮಾರಿದರೆ 2,162. ವ್ಯತ್ಯಾಸ 29 ರೂಪಾಯಿ. ತೊಂಬತ್ತೈದು ಕಿಲೋ ಎಂದು ತಪ್ಪು ತಿಳಿದವರಿಗೆ ಅದೇ ವ್ಯತ್ಯಾಸ 52 ರೂಪಾಯಿಯಾಗಿ ಕಾಣುತ್ತದೆ. ನೂರು ಕ್ವಿಂಟಲ್ ಬೆಳೆದ ಮನೆಯಲ್ಲಿ 2,900 ರೂಪಾಯಿ ಲಾಭವನ್ನು 5,200 ಎಂದು ನಂಬಿ ಕೂತಂತಾಯಿತು. ಆಗ ಹುಡುಗಿಯೊಬ್ಬಳು ಎದ್ದು, ತಾಡಪಾಲಿನ ಬಾಡಿಗೆ ಯಾರು ಕೊಡುತ್ತಾರೆ, ರಾಶಿ ಹರವಿ ತಿರುವಲು ಆಳಿನ ಕೂಲಿ ಎಷ್ಟು, ಮಳೆ ಬಂದರೇನು ಗತಿ, ಬೆಂಬಲ ಬೆಲೆಯ ಹಣ ಖಾತೆಗೆ ಬರುವ ತನಕ ಗೊಬ್ಬರದ ಅಂಗಡಿಯ ಬಾಕಿಗೆ ಬಡ್ಡಿ ಬೀಳುವುದಿಲ್ಲವೇ ಎಂದು ಒಂದೇ ಉಸಿರಿಗೆ ಕೇಳಿದಳು. ಮಾನ್ಯರೇ, ಗಣಿತ ಶಿಕ್ಷಕಿಯಾಗಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆಗಳ ಸಾಲಿನಲ್ಲಿ ಅವು ಸೇರುತ್ತವೆ. ಅವಳಿಗೆ ಪಬ್ಲಿಕ್ ಪರೀಕ್ಷೆಯಲ್ಲಿ ಅವುಗಳಿಗಾಗಿ ಒಂದು ಅಂಕವೂ ಸಿಗಲಿಲ್ಲ.

ಇನ್ನೊಂದು ಸಂಗತಿ. 2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಬೇರೆ ಮಾತೇ ಇರಲಿಲ್ಲ. ಎಡದಂಡೆ ನಾಲೆಯ ನೀರು ನೆಚ್ಚಿಕೊಂಡು ಆಗಷ್ಟೇ ನಾಟಿ ಮಾಡಿದ ಮನೆಗಳ ಮಕ್ಕಳು ಅವರು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ತೆರೆದು, ಲಕ್ಷ ಕ್ಯೂಸೆಕ್ ಆಸುಪಾಸಿನಲ್ಲಿ ನದಿಗೆ ನೀರು ಬಿಡುತ್ತಿದ್ದಾರೆ ಎಂದು ಪತ್ರಿಕೆಗಳು ಬರೆದಿದ್ದವು. ಜಲಾಶಯದಲ್ಲಿ ಇದ್ದದ್ದು ಸುಮಾರು 105 ಟಿಎಂಸಿ. ಮಕ್ಕಳಿಗೆ ಎರಡೂ ಪದ ಬಾಯಿಪಾಠ, ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ಗೊತ್ತಿಲ್ಲ. ಕಪ್ಪು ಹಲಗೆಯ ಮೇಲೆ ಬರೆದೆವು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 864 ಕೋಟಿ ಘನ ಅಡಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಆದ್ದರಿಂದ ದಿನಕ್ಕೆ 8.64 ಟಿಎಂಸಿ ಹೋಗುತ್ತದೆ. ಮೇಲಿನಿಂದ ಒಳಹರಿವು ಎಷ್ಟು ಎಂಬುದನ್ನು ಇದರಲ್ಲಿ ಕಳೆಯಬೇಕು ಎಂದು ಮಕ್ಕಳೇ ಹೇಳಿದರು.

ಅಲ್ಲಿಂದ ಮುಂದಿನ ಪ್ರಶ್ನೆ ನನ್ನದಲ್ಲ, ಅವರದು. ಒಂದು ಟಿಎಂಸಿ ಹೋದರೆ ಎಷ್ಟು ಎಕರೆ ಭತ್ತ ಹೋದಂತೆ? ಒಂದು ಗುಂಟೆ ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ, ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರ ಅಡಿ. ನಾಟಿಯಿಂದ ಕಟಾವಿನವರೆಗೆ ಗದ್ದೆಗೆ ಕೊಡುವ ನೀರನ್ನೆಲ್ಲ ಒಮ್ಮೆಗೇ ನಿಲ್ಲಿಸಿದರೆ ಎಷ್ಟು ಎತ್ತರ ನಿಲ್ಲಬಹುದು? ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ, ಅಂದಾಜು ಮಾಡಬೇಕು. ನಾಲ್ಕು ಅಡಿ ಎಂದು ಹಿಡಿದರೆ ಒಂದು ಟಿಎಂಸಿಗೆ ಸುಮಾರು 5,700 ಎಕರೆ. ನಾಲೆಯಲ್ಲಿ ಇಂಗುವುದು, ಸೋರುವುದು, ಮೇಲ್ಭಾಗದವರು ಅಕ್ರಮವಾಗಿ ಎತ್ತಿಕೊಳ್ಳುವುದು ಎಲ್ಲ ಸೇರಿದರೆ ಕೊನೆಯ ಭಾಗಕ್ಕೆ ಇನ್ನೂ ಕಡಿಮೆ. ಕೊನೆಯ ಭಾಗದ ಊರಿನ ಮಕ್ಕಳು ಈ ಮಾತಿಗೆ ತಲೆಯಾಡಿಸಿದ ರೀತಿ ಬೇರೆಯೇ ಇತ್ತು. ವಾರದಲ್ಲಿ ಒಡೆದ ಗೇಟಿನ ಜಾಗಕ್ಕೆ ತಾತ್ಕಾಲಿಕ ಸ್ಟಾಪ್‌ಲಾಗ್ (ನೀರು ತಡೆಯುವ ಉಕ್ಕಿನ ಅಡ್ಡಹಲಗೆ) ಇಳಿಸಿ ನೀರು ನಿಲ್ಲಿಸಿದಾಗ, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ಸುದ್ದಿಯನ್ನು ಅವರು ಓದಿದ್ದು ಹಿರಿಯರು ಓದುವ ಹಾಗೆ. 2025ರ ಮಳೆಗಾಲದಲ್ಲಿ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಸೀಮಿತಗೊಳಿಸಿದ್ದರ ಅರ್ಥ ಅಪ್ಪಂದಿರಿಗೆ ಹೇಳಿಕೊಟ್ಟವರು ಇದೇ ಮಕ್ಕಳಲ್ಲಿ ಕೆಲವರು.

ಇದನ್ನೆಲ್ಲ ನಾನು ಒಮ್ಮೆ ಫಲಿತಾಂಶ ಪರಿಶೀಲನಾ ಸಭೆಯಲ್ಲಿ ಹೇಳಿದೆ. ಅಧಿಕಾರಿಯೊಬ್ಬರು ತಾಳ್ಮೆಯಿಂದ ಕೇಳಿ, "ಇದು ಎಷ್ಟು ಅಂಕಕ್ಕೆ ಬರುತ್ತದೆ ಮೇಡಂ?" ಎಂದರು. ಅವರನ್ನು ನಾನು ದೂರುವುದಿಲ್ಲ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಫಲಿತಾಂಶದ ಪಟ್ಟಿಯ ತಳದಲ್ಲಿ ಉಳಿದಾಗಲೆಲ್ಲ ಉತ್ತರ ಕೊಡಬೇಕಾದವರು ಅವರು. ಜನವರಿ ಬಂತೆಂದರೆ ಶಾಲೆಗಳಿಗೆ ಪಾಸಿಂಗ್ ಪ್ಯಾಕೇಜ್ ಬರುತ್ತದೆ: ರೇಖಾತ್ಮಕ ಸಮೀಕರಣದ ನಕ್ಷೆ, ಥೇಲ್ಸನ ಪ್ರಮೇಯದ ಸಾಧನೆ, ಬಹುಲಕದ ಸೂತ್ರ, ಇವಿಷ್ಟನ್ನು ತಿದ್ದಿ ತಿದ್ದಿ ಬರೆಸಿ ಎಂದು. ನಾನೂ ಬರೆಸಿದ್ದೇನೆ. ಗುಳೆ ಹೋದ ಮನೆಯ ಮಗುವೊಂದು ಅದರಿಂದ ಪಾಸಾಗಿ ಐಟಿಐ ಸೇರಿದರೆ ಅದು ಸಣ್ಣ ಸಂಗತಿಯಲ್ಲ. ಆದರೆ ಆ ಅಧಿಕಾರಿಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನಾನೂ ಅಲ್ಲ, ಅವರೂ ಅಲ್ಲ. ನೀಲನಕ್ಷೆ ರೂಪಿಸುವವರು ತಾವು. ಅದಕ್ಕೇ ಈ ಪತ್ರ ತಮಗೆ.

ಪಠ್ಯದಲ್ಲಿ ಇದಕ್ಕೆ ಜಾಗವಿಲ್ಲ ಎನ್ನುವಂತಿಲ್ಲ. ಗಣಿತ ಶಿಕ್ಷಣದ ಮುಖ್ಯ ಗುರಿ ಗಣಿತದ ರೀತಿಯಲ್ಲಿ ಯೋಚಿಸುವ ಶಕ್ತಿಯನ್ನು ಬೆಳೆಸುವುದು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಆ ಚೌಕಟ್ಟಿನಂತೆ ರಾಷ್ಟ್ರಮಟ್ಟದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಒಂಬತ್ತು ಮತ್ತು ಹತ್ತನೆಯ ತರಗತಿಗೆ ರೂಪಿಸಿದ ಗಣಿತ ಪುಸ್ತಕಗಳ ಅನುಬಂಧದಲ್ಲಿ ನಿಜ ಸಂದರ್ಭವನ್ನು ಗಣಿತಕ್ಕೆ ಇಳಿಸುವುದು ಹೇಗೆ, ಬಿಡಿಸುವುದು ಹೇಗೆ, ಉತ್ತರವನ್ನು ಮತ್ತೆ ಸಂದರ್ಭದ ಎದುರಿಗಿಟ್ಟು ಒರೆಗೆ ಹಚ್ಚುವುದು ಹೇಗೆ ಎಂಬ ಪಾಠವೇ ಇದೆ. ಅನುಬಂಧ ಪರೀಕ್ಷೆಗೆ ಬರುವುದಿಲ್ಲ, ಆದ್ದರಿಂದ ಯಾರೂ ಆ ಪುಟ ತೆರೆಯುವುದಿಲ್ಲ.

ಇದು ನಮ್ಮ ತಾಲ್ಲೂಕಿನದಷ್ಟೇ ಸಮಸ್ಯೆಯೂ ಅಲ್ಲ. ಹದಿನಾಲ್ಕರಿಂದ ಹದಿನೆಂಟು ವರ್ಷದವರ ಬಗ್ಗೆ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ ನಡೆದ 2023ರ ಅಸರ್ ಸಮೀಕ್ಷೆಯಲ್ಲಿ (ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಸಮೀಕ್ಷೆ ಇದು), ವಸ್ತುವನ್ನು ಅಳತೆಪಟ್ಟಿಯ ಸೊನ್ನೆಗೆ ಸರಿಯಾಗಿಟ್ಟಾಗ ಸುಮಾರು ಶೇ 85ರಷ್ಟು ಜನ ಅದರ ಉದ್ದ ಹೇಳಿದರು. ಅದನ್ನೇ ಸೊನ್ನೆಯಿಂದ ಸ್ವಲ್ಪ ಸರಿಸಿಟ್ಟಾಗ ಹೇಳಿದವರು ಶೇ 39 ಮಾತ್ರ. ನನಗೆ ಇದು 360 ಮತ್ತು 300ರ ಕಥೆಯೇ.

ಇದರ ಬೆಲೆಯನ್ನು ಮನೆಗಳು ತೆರುತ್ತಿವೆ. ಸಾಲದ ವಿಷಯ ನೋಡಿ. ಐವತ್ತು ಸಾವಿರ ಸಾಲ, ಎರಡು ವರ್ಷ, ಶೇ 12 ಫ್ಲ್ಯಾಟ್ ಬಡ್ಡಿ ಎಂದು ಹೇಳಿದರೆ ಬ್ಯಾಂಕಿನ ಬಡ್ಡಿಯಷ್ಟೇ ಅಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಬಡ್ಡಿ 12,000, ತಿಂಗಳ ಕಂತು 2,583 ರೂಪಾಯಿ. ಆದರೆ ಪ್ರತಿ ತಿಂಗಳೂ ಅಸಲು ಇಳಿಯುತ್ತದೆ. ಎರಡು ವರ್ಷದುದ್ದಕ್ಕೂ ಸರಾಸರಿ ನಮ್ಮ ಕೈಯಲ್ಲಿರುವುದು ಅರ್ಧದಷ್ಟು ಹಣ ಮಾತ್ರ, ಬಡ್ಡಿ ಪೂರ್ತಿ ಐವತ್ತು ಸಾವಿರಕ್ಕೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ದರ ಶೇ 21ಕ್ಕೂ ಮೇಲೆ. ಹತ್ತನೆಯ ತರಗತಿಯ ಮಗು ಇದನ್ನು ಸಮಾಂತರ ಶ್ರೇಢಿಯ ಸಹಾಯದಿಂದ ಅಂದಾಜು ಮಾಡಬಲ್ಲದು. ಶ್ರೇಢಿಯ ಮೊತ್ತ ಕಂಡುಹಿಡಿಯುವುದನ್ನು ಕಲಿಸುತ್ತೇವೆ, ಸಾಲದ ಪತ್ರದಲ್ಲಿ ಶ್ರೇಢಿ ಇದೆ ಎಂಬುದನ್ನು ತೋರಿಸುವುದಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬೇಕು, ನಿಜ. ಸಹಿ ಹಾಕುವ ಮೊದಲು ಪಕ್ಕದಲ್ಲಿ ಕೂತು ಲೆಕ್ಕ ಹಾಕಬಲ್ಲ ಮಗಳೂ ಆ ಮನೆಗೆ ಬೇಕು.

ಹತ್ತನೆಯ ತರಗತಿಯಲ್ಲೇ ಇದು ಆಗಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಿಯುಸಿಯಲ್ಲಿ ಕಲಾ ವಿಭಾಗಕ್ಕೆ ಹೋಗುವ ಮಗುವಿಗೆ ಗಣಿತ ಅಲ್ಲಿಗೇ ಮುಗಿಯಿತು. ವಾಣಿಜ್ಯದಲ್ಲಿ ಮೂಲ ಗಣಿತ ಇದೆ, ಬೇಕಾದವರಿಗೆ ಮಾತ್ರ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಕಲಾ ವಿಭಾಗಕ್ಕೆ ಹೋಗುತ್ತಾರೆ, ಹತ್ತಿರದ ಕಾಲೇಜಿನಲ್ಲಿ ಇರುವುದೇ ಅದು ಎಂಬ ಕಾರಣಕ್ಕೆ. ದಕ್ಷಿಣ ಆಫ್ರಿಕಾದಲ್ಲಿ 2006ರಿಂದ, ಕೊನೆಯ ಮೂರು ವರ್ಷಗಳ ಶಾಲೆಯಲ್ಲಿ ಗಣಿತ ತೆಗೆದುಕೊಳ್ಳದವರಿಗೆ ಗಣಿತ ಸಾಕ್ಷರತೆ ಎಂಬ ವಿಷಯ ಕಡ್ಡಾಯ. ಸಿಬಿಎಸ್‌ಇ 2020-21ರಲ್ಲಿ ಹನ್ನೊಂದನೆಯ ತರಗತಿಗೆ ಅನ್ವಯಿಕ ಗಣಿತವನ್ನು ಐಚ್ಛಿಕವಾಗಿ ತಂದಿದೆ. ಇಂಥ ವಿಷಯವನ್ನು 'ಬರದವರ ಗಣಿತ' ಎಂದು ಕೆಳಗಿಟ್ಟು ನೋಡುವ ಅಪಾಯ ಇದ್ದೇ ಇದೆ. ಅದಕ್ಕಾಗಿಯೇ ಎಲ್ಲ ಮಕ್ಕಳೂ ಬರೆಯುವ ಹತ್ತನೆಯ ತರಗತಿಯ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಅದು ಮೊದಲು ಬರಬೇಕು ಎನ್ನುತ್ತಿದ್ದೇನೆ.

ನನ್ನ ಕೋರಿಕೆ ದೊಡ್ಡದಲ್ಲ. ಮೂವತ್ತೆಂಟು ಪ್ರಶ್ನೆ, ಎಂಬತ್ತು ಅಂಕದ ಪತ್ರಿಕೆಯ ಕೊನೆಯಲ್ಲಿ ಐದು ಅಂಕದ ಒಂದು ಪ್ರಶ್ನೆ ಇರುತ್ತದೆ. ಅದನ್ನು ನಿಜ ಸಂದರ್ಭದ ಪ್ರಶ್ನೆಯಾಗಿಸಿ. ಯಾವ ಅಧ್ಯಾಯದ ಲೆಕ್ಕ ಎಂಬ ಸುಳಿವು ಬೇಡ. ಬೇಕಾದುದಕ್ಕಿಂತ ಒಂದೆರಡು ಅಂಕಿ ಹೆಚ್ಚು ಕೊಡಿ, ಬೇಕಾದ ಒಂದನ್ನು ಕೊಡದಿರಿ. ಮಗು ಏನನ್ನು ಊಹಿಸಿಕೊಂಡಿತು ಎಂದು ಬರೆದರೆ ಒಂದು ಅಂಕ, ದಾರಿ ಸರಿ ಇದ್ದರೆ ಎರಡು, ಲೆಕ್ಕಕ್ಕೆ ಒಂದು, ಉತ್ತರ ಏಕೆ ನಂಬಬಹುದು ಅಥವಾ ಏಕೆ ನಂಬಬಾರದು ಎಂಬ ಒಂದು ವಾಕ್ಯಕ್ಕೆ ಇನ್ನೊಂದು. ಮೌಲ್ಯಮಾಪನ ಕಷ್ಟವಾಗುತ್ತದೆ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದರೆ ಮಾದರಿ ಉತ್ತರ ಕೊಡುವುದು ಹೇಗೆ ಎನ್ನುತ್ತಾರೆ. ಕನ್ನಡ ಪತ್ರಿಕೆಯಲ್ಲಿ ಪ್ರಬಂಧಕ್ಕೆ ಅಂಕ ಕೊಡುವುದನ್ನು ನಮ್ಮ ಸಹೋದ್ಯೋಗಿಗಳು ಇಷ್ಟು ವರ್ಷ ಮಾಡುತ್ತಲೇ ಬಂದಿದ್ದಾರೆ. ಅದೇ ಮೌಲ್ಯಮಾಪನ ಕೇಂದ್ರದಲ್ಲಿ ಗಣಿತದವರೂ ಐದು ಅಂಕಕ್ಕೆ ಅಷ್ಟು ವಿವೇಚನೆ ತೋರಬಲ್ಲರು.

ಇಪ್ಪತ್ತು ಆಂತರಿಕ ಅಂಕಗಳ ವಿಷಯದಲ್ಲೂ ಒಂದು ಮಾತು. ಯೋಜನೆಯ ಹೆಸರಿನಲ್ಲಿ ಇಂದು ಥರ್ಮಾಕೋಲ್ ಕತ್ತರಿಸಿ ಬಣ್ಣದ ಕಾಗದ ಅಂಟಿಸಿದ ಚಾರ್ಟುಗಳು ಬರುತ್ತವೆ, ಎಷ್ಟೋ ಕಡೆ ಅಂಗಡಿಯಿಂದಲೇ. ಅದರ ಬದಲು ಪ್ರತಿ ಮಗುವೂ ವರ್ಷಕ್ಕೊಮ್ಮೆ ತನ್ನ ಮನೆಯ ಅಥವಾ ಊರಿನ ಒಂದು ನಿಜ ಪ್ರಶ್ನೆಯನ್ನು ಅಳೆದು, ಲೆಕ್ಕ ಹಾಕಿ, ತರಗತಿಯ ಮುಂದೆ ನಿಂತು ಸಮರ್ಥಿಸಲಿ. ರಾಯಚೂರಿನ ಯರಮರಸ್, ಕೊಪ್ಪಳದ ಮುನಿರಾಬಾದ್ ಮತ್ತು ಬಳ್ಳಾರಿಯ ಡಯಟ್‌ಗಳು, ಅಂದರೆ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳು, ಆಯಾ ಜಿಲ್ಲೆಯ ಶಿಕ್ಷಕರನ್ನು ಸೇರಿಸಿ ಇಂಥ ಪ್ರಶ್ನೆಗಳ ಸಂಗ್ರಹ ಮಾಡಬಹುದು: ಗಂಗಾವತಿ, ಕಾರಟಗಿಯವರು ಭತ್ತದ್ದು, ರಾಯಚೂರು ಮಾರುಕಟ್ಟೆಯ ಸುತ್ತಲಿನವರು ಹತ್ತಿಯದು, ಬಳ್ಳಾರಿಯವರು ಗಣಿ ಲಾರಿಗಳದ್ದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಿಕ್ಷಣಕ್ಕೆ ತೆಗೆದಿಡುವ ಹಣದಲ್ಲಿ ಪ್ರತಿ ಪ್ರೌಢಶಾಲೆಗೆ ಒಂದು ತಕ್ಕಡಿ, ಒಂದು ತೇವಾಂಶ ಮಾಪಕ, ಉದ್ದನೆಯ ಅಳತೆ ಟೇಪು ಕೊಟ್ಟರೆ ಬಹಳವಾಯಿತು. ಖಾಲಿ ಹುದ್ದೆಗಳನ್ನು ತುಂಬುವುದು ಇದಕ್ಕಿಂತ ಮೊದಲಿನ ಕೆಲಸ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ವಿಜ್ಞಾನವನ್ನೂ ತಾನೇ ಕಲಿಸುತ್ತಿರುವ ಅತಿಥಿ ಶಿಕ್ಷಕನಿಂದ ಇಂಥ ಪಾಠ ನಿರೀಕ್ಷಿಸುವುದು ಅನ್ಯಾಯ.

ಕಲಾ ಮತ್ತು ವಾಣಿಜ್ಯ ವಿಭಾಗದ ಪ್ರಥಮ ಪಿಯುಸಿಗೆ ವಾರಕ್ಕೆ ಎರಡು ಅವಧಿಯ, ಅನುತ್ತೀರ್ಣದ ಭಯವಿಲ್ಲದ ಒಂದು ಪಾಠವನ್ನೂ ಯೋಚಿಸಿ. ಸಾಲ, ವಿಮೆ, ವಿದ್ಯುತ್ ಬಿಲ್, ಪತ್ರಿಕೆಯಲ್ಲಿ ಬರುವ ಸರಾಸರಿ ಮತ್ತು ಶೇಕಡಾವಾರು, ಅದರೊಳಗೆ ಇರಬೇಕಾದದ್ದು ಇಷ್ಟೇ.

ಪ್ರಮೇಯಗಳನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಸಾಧನೆ ಬರೆಯುವಾಗ ಸಿಗುವ ಶಿಸ್ತನ್ನು ನಾನು ಜೀವನಪೂರ್ತಿ ಪ್ರೀತಿಸಿದ್ದೇನೆ. ಭತ್ತದ ಲೆಕ್ಕದಲ್ಲಿ "ಏನು ಬದಲಾಗುವುದಿಲ್ಲ?" ಎಂದು ಕೇಳಿಕೊಂಡದ್ದೂ ಅದೇ ಶಿಸ್ತಿನ ಫಲ.

ಮಾದರಿ ಪ್ರಶ್ನೆಪತ್ರಿಕೆ ಪ್ರಕಟಿಸುವಾಗ ಇಂಥ ಒಂದೇ ಒಂದು ಪ್ರಶ್ನೆಯನ್ನು ಅದರಲ್ಲಿ ಸೇರಿಸಿ, ಶೈಕ್ಷಣಿಕ ವರ್ಷದ ಆರಂಭದಲ್ಲೇ ಶಾಲೆಗಳಿಗೆ ತಿಳಿಸಬೇಕೆಂದು ಕೋರುತ್ತೇನೆ. ಜನವರಿಯಲ್ಲಿ ತಿಳಿಸಿದರೆ ಅದೂ ಪಾಸಿಂಗ್ ಪ್ಯಾಕೇಜಿಗೆ ಸೇರಿ, ಬಾಯಿಪಾಠವಾಗಿಬಿಡುತ್ತದೆ. ಜೂನ್‌ನಲ್ಲಿ ತಿಳಿದರೆ ನಾಟಿಯ ಹೊತ್ತಿಗೆ ಶುರುಮಾಡಿ ಕಟಾವಿನ ತನಕ ಕಲಿಸಲು ನಮ್ಮ ಕಡೆಯ ಶಿಕ್ಷಕರಿಗೆ ಸಮಯ ಸಿಗುತ್ತದೆ. ಕೇಳಿದರೆ ಪ್ರಶ್ನೆಗಳನ್ನು ಬರೆದು ಕಳುಹಿಸಲು ನಾನೂ, ನನ್ನಂಥ ಹಲವರೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ